ಕುಸುಮಾ ಮೇಡಂ ಕಾಫಿ ಕುಡಿಯುವುದಿಲ್ಲ

ನಿಡಘಟ್ಟದಿಂದ ಒಳಗೆ ಹೋದರೆ ಸಿಗುವ ಸರ್ಕಾರಿ ಹೈಸ್ಕೂಲಿನಲ್ಲಿ ಕುಸುಮಾ ಮೇಡಂ ಎಂದರೆ ಹೆಡ್‌ಮಾಸ್ಟರೂ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಸಮಾಜ ವಿಜ್ಞಾನದ ಟೀಚರು. ಮಂಡ್ಯದ ಬಸ್ಸಿಳಿದು ಗೇಟು ದಾಟುವಷ್ಟರಲ್ಲೇ ನಾಲ್ಕು ಮಂದಿಯನ್ನು ಬೈದಿರುತ್ತಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುವವರೂ ಅವರೇ. "ನನ್ನ ಕ್ಲಾಸಲ್ಲಿ ಜಾತಿಗೀತಿ ಅಂದ್ರೆ ಚರ್ಮ ಸುಲೀತೀನಿ ಕಣ್ರೋ" ಎನ್ನುವುದು ವಾಡಿಕೆ. ಆ ಮಾತನ್ನು ಅವರು ನಂಬಿಯೂ ಇದ್ದರು, ಪಾಪ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಾಗ ಮಕ್ಕಳು ಓದುತ್ತಿದ್ದಾರೋ ಇಲ್ಲವೋ ಎಂದು ಟೀಚರುಗಳು ಮನೆಮನೆಗೆ ಹೋಗಿ ನೋಡಬೇಕು. ಹಾಗೆ ಹೊರಟ ಒಂದು ಸಂಜೆ ದಾರಿ ತೋರಿಸಲು ಹತ್ತನೇ ಕ್ಲಾಸಿನ ಪ್ರಿಯಾಂಕ ಜೊತೆಗಿದ್ದಳು. ಮೇಡಂ ಹಾಗೇ ತಾನೂ ಟೀಚರಾಗಬೇಕೆಂದು ಹಟ ಹಿಡಿದವಳು. ಮೊದಲು ಗೌಡರ ಬೀದಿಯಲ್ಲಿ ಅದೇ ಕ್ಲಾಸಿನ ಸ್ವರೂಪನ ಮನೆ. ಅವನ ಅಜ್ಜಿ ದೇವಿರಮ್ಮ ಕೊಟ್ಟ ಕಾಫಿಯನ್ನು ಮೇಡಂ ಸೊರಸೊರ ಹೀರಿ, ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡರು. ಪ್ರಿಯಾಂಕ ಅಂಗಳದಲ್ಲೇ ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಮೇಡಂಗೂ ಅದು ಹೊಳೆಯಲಿಲ್ಲ.

ಅಲ್ಲಿಂದ ಊರಾಚೆಯ ಕಾಲೋನಿಯಲ್ಲಿದ್ದ ಪ್ರಿಯಾಂಕಳ ಮನೆಗೆ ಬಂದರು. ಅವಳ ಅವ್ವ ಪಟ್ಟಲಮ್ಮ ಹೊಸ ಸ್ಟೀಲ್ ಲೋಟ ತೊಳೆದು ಕಾಫಿ ತಂದಳು.

"ಒಂದ್ ಗುಟುಕು ಕುಡುದ್ಬುಟ್ಟು ಓಗಿ ಮೇಡಮ್ಮೋರೆ."

"ಬೇಡ ಕಣಮ್ಮ, ನಾನು ಕಾಫಿ ಕುಡಿಯಲ್ಲ."

ಯೋಚಿಸಿ ಆಡಿದ ಮಾತಲ್ಲ. ದುದ್ದದ ತವರುಮನೆಯಲ್ಲಿ ಚಿಕ್ಕಂದಿನಿಂದ ಕಂಡು ಕಲಿತದ್ದು ತಾನಾಗೇ ನಾಲಿಗೆಗೆ ಬಂದಿತ್ತು. ಆಡಿದ ಮೇಲೆ ಮೇಡಂ ಪ್ರಿಯಾಂಕಳ ಮುಖ ನೋಡಿದರು. ಹುಡುಗಿ ತಡಮಾಡಲಿಲ್ಲ.

"ಊಂ ಕಣವ್ವ, ಮೇಡಂ ಕುಡಿಯಕ್ಕಿಲ್ಲ. ಇಸ್ಕೂಲಲ್ಲೂ ಕುಡಿಯಕ್ಕಿಲ್ಲ."

ನನ್ನ ಮಾನ ಉಳಿಸಲು ಈ ಮಗು ಹೆತ್ತವಳಿಗೇ ಸುಳ್ಳು ಹೇಳಿತಲ್ಲ ಎಂದು ಮೇಡಂ ಕುಗ್ಗಿಹೋದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಲೋಟ ಇನ್ನೂ ಪಟ್ಟಲಮ್ಮನ ಕೈಯಲ್ಲೇ ಇತ್ತು. ಹೋಗಲಿ ಕೊಡಮ್ಮ ಎನ್ನಬಹುದಿತ್ತು, ಅನ್ನಲಿಲ್ಲ.

ಮರುದಿನದಿಂದ ಪೀಠಿಕೆ ಓದಿಸುವಾಗ ಅವರ ದನಿ ಏಳುತ್ತಿರಲಿಲ್ಲ. ಪ್ರಿಯಾಂಕ ಮಾತ್ರ ಎಂದಿನಂತೆ ಗಟ್ಟಿಯಾಗಿ ಓದುತ್ತಿದ್ದಳು. ಸ್ಟಾಫ್‌ರೂಮಿನ ಬಾಗಿಲಲ್ಲಿ ಅವಳು ಸುಳಿದರೆ ಸಾಕು, ಮೇಡಂ ಕಾಫಿ ಲೋಟವನ್ನು ಚೀಲದ ಮರೆಗೆ ಸರಿಸುವರು. ಕಳ್ಳಿಯ ಹಾಗೆ ಬದುಕುವುದು ಸಾಕಾಗಿ, ವಾರ ಕಳೆದ ಮೇಲೆ ಒಬ್ಬರೇ ಕಾಲೋನಿಗೆ ನಡೆದರು. ಇವತ್ತು ಕೇಳಿಯೇ ಕುಡಿಯಬೇಕು, ಹುಡುಗಿಯ ಕಣ್ಣೆದುರೇ ಕುಡಿಯಬೇಕು.

ಪಟ್ಟಲಮ್ಮ ಚಾಪೆ ಹಾಸಿ ಕೂರಿಸಿದಳು. ಕಾಫಿ ಕೊಡಮ್ಮ ಎನ್ನಲು ಮೇಡಂ ಬಾಯಿ ತೆರೆಯುವಷ್ಟರಲ್ಲಿ, ಅವರನ್ನು ದೂರದಿಂದಲೇ ಕಂಡು ಅಂಗಡಿಗೆ ಓಡಿದ್ದ ಪ್ರಿಯಾಂಕ ಏದುಸಿರು ಬಿಡುತ್ತ ಒಳಗೆ ಬಂದಳು. ಕೈಯಲ್ಲಿ ಮಾವಿನ ಜ್ಯೂಸಿನ ಪುಟ್ಟ ಬಾಟಲಿ. ಮುಖದಲ್ಲಿ ಕೊಂಕಿನ ಸುಳಿವೂ ಇರಲಿಲ್ಲ, ಮೇಡಂ ಮತ್ತೆ ಬಂದ ಸಂತೋಷವೇ ಇತ್ತು.

"ಅಂಗ್ಡಿದು ಮೇಡಂ, ಸೀಲು ಒಡ್ದಿಲ್ಲ," ಎಂದಳು. "ಇದಾದ್ರೆ ನೀವು ಕುಡೀಬೋದು."