ಬೆಳ್ಳಿಯ ಒಳಲೆ ಮತ್ತು ಅಗಿಯದ ಕೂಸಿನ ಕುರಿತು

ಓದುಗ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಮೊಟ್ಟಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಕಾಗುಣಿತ ಅಷ್ಟೊಂದು ಶುದ್ಧವಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ನನ್ನ ಕೈಯಲ್ಲಿ ಆಗಾಗ್ಗೆ ಅನುಮತಿಯಿಲ್ಲದೆ ಸ್ಥಾನ ಬದಲಿಸುತ್ತವೆ. ಅಕ್ಷರವೂ ದುಂಡಗಿಲ್ಲ. ತಾಲ್ಲೂಕು ಕಚೇರಿಗಳಲ್ಲಿ ಗುಮಾಸ್ತನಾಗಿ ಪತ್ರ ಬರೆಯುತ್ತಲೇ ಕೂದಲು ನರೆಸಿಕೊಂಡವನು ನಾನು. ಪುಸ್ತಕಕ್ಕೆಂದು ಬರೆಯುತ್ತಿರುವುದು ಇದೇ ಮೊದಲು. ಬೇರೆ ರೀತಿ ಬಾರದ ಕಾರಣ, ಬರುವ ರೀತಿಯಲ್ಲಿಯೇ ನಿವೇದಿಸಿಕೊಳ್ಳುತ್ತಿದ್ದೇನೆ.

ವಿಷಯ: ನನ್ನ ಹಿರಿಯ ಮಗಳು ಎರಡೂವರೆ ವರ್ಷವಾದರೂ ಏನನ್ನೂ ಅಗಿಯದಿದ್ದ ಬಗ್ಗೆ.

ಉಲ್ಲೇಖ: ನನ್ನ ತಾಯಿಯವರ ಮೌಖಿಕ ಆದೇಶಗಳು.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಎಂಬತ್ತರ ದಶಕದ ಕೊನೆಯ ಭಾಗದಲ್ಲಿ, ನಾನು ಆಳಂದದಲ್ಲಿ ನೌಕರಿಯಲ್ಲಿದ್ದಾಗ ಸದರಿ ಮಗಳು ಹುಟ್ಟಿದಳು. ಬಾಡಿಗೆ ಮನೆಯಲ್ಲಿ ನಾನು, ನನ್ನ ಹೆಂಡತಿ, ಮತ್ತು ನರೋಣಾದ ಮನೆಗೆ ಬೀಗ ಹಾಕಿ ಮೊಮ್ಮಗಳನ್ನು ಸಾಕಲೆಂದೇ ಬಂದ ನನ್ನ ತಾಯಿ ಇದ್ದೆವು. ತಾಯಿಯ ಸಂಗಡ ಅವರ ತವರಾದ ಕೊಳಕೂರಿನಿಂದ ಬಂದಿದ್ದ ಬೆಳ್ಳಿಯ ಒಳಲೆಯೂ ಬಂತು. ಕೂಸುಗಳಿಗೆ ಹಾಲು ಹೊಯ್ಯುವ, ದೋಣಿಯ ಆಕಾರದ ಸಣ್ಣ ಪಾತ್ರೆ ಅದು. ಅದರಲ್ಲಿ ನನ್ನ ತಾಯಿ ಕುಡಿದಿದ್ದರು, ನಾನು ಕುಡಿದಿದ್ದೆ. ತೊಳೆದ ಮೇಲೆ ಅದನ್ನು ಅಡುಗೆಮನೆಯಲ್ಲಿ ಇಡುತ್ತಿರಲಿಲ್ಲ. ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಡುತ್ತಿದ್ದರು.

ಕೂಸಿಗೆ ಉಣಿಸುವ ಕ್ರಮ ಹೀಗಿತ್ತು. ತಾಯಿ ಕಾಲು ನೀಡಿ ಕೂಡುವರು. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸುವರು. ಒಂದು ಕೈಯಿಂದ ಮೂಗು ಹಿಡಿಯುವರು, ಇನ್ನೊಂದರಿಂದ ಒಳಲೆಯಲ್ಲಿ ಗಂಜಿ ಹೊಯ್ಯುವರು. ಉಸಿರು ಬೇಕೆಂದರೆ ಬಾಯಿ ತೆರೆಯಲೇಬೇಕು. ಬಾಯಿ ತೆರೆದರೆ ಗಂಜಿ ನುಂಗಲೇಬೇಕು. ಇಷ್ಟು ಬಿಗಿಯಾದ ನಿಯಮಾವಳಿಯನ್ನು ನಾನು ಕಂದಾಯ ಇಲಾಖೆಯಲ್ಲಿಯೂ ಕಂಡಿಲ್ಲ.

ವರ್ಷ ತುಂಬಿದ ಮೇಲೆ ಬ್ಯಾಳಿಯಲ್ಲಿ ಕಿವುಚಿದ ರೊಟ್ಟಿ ಕೊಟ್ಟು ನೋಡಿದೆವು. ಕೂಸು ಓಕರಿಸಿತು. ಅನ್ನ ಕೊಟ್ಟೆವು, ಕೆಮ್ಮಿತು. ಮತ್ತೆ ಒಳಲೆ, ಮತ್ತೆ ಗಂಜಿ. ನಮ್ಮ ಕಡೆ ಆರೋಗ್ಯವನ್ನು ಅಳೆಯುವುದು ರೊಟ್ಟಿಯಿಂದ. ಗಂಡಾಳು ನಾಲ್ಕು, ಹೆಣ್ಣಾಳು ಮೂರು, ಮುದುಕರು ಎರಡು, ಕೂಸು ಚತುಕೋರ, ಅಂದರೆ ಕಾಲು ಭಾಗ. ಚತುಕೋರ ರೊಟ್ಟಿಯನ್ನೂ ತಿನ್ನದ ಕೂಸೆಂದರೆ ನಮ್ಮ ಓಣಿಗೆ ಸಾರ್ವಜನಿಕ ಮಹತ್ವದ ವಿಷಯ. ಸಂತೆಗೆ ಬಂದವರೆಲ್ಲ ಹಣಿಕಿ ನೋಡಿ ಅಭಿಪ್ರಾಯ ದಾಖಲಿಸಿ ಹೋಗುತ್ತಿದ್ದರು. ಹೊಕ್ಕಳು ಸರಿದಿದೆ ಎಂದವರುಂಟು. ದೃಷ್ಟಿ ತಾಗಿದೆ ಎಂದವರುಂಟು. ಭೂಸನೂರಿನ ನನ್ನ ಸೋದರಮಾವ, ದವಡೆ ಗಟ್ಟಿಯಾಗಲೆಂದು, ಗಂಜಿಯ ಅಗುಳು ಬಂದರೂ ಕೆಮ್ಮುವ ಕೂಸಿಗೆ ಐದು ಗಳ ಕಬ್ಬು ತಂದು ಬಾಗಿಲಿಗೆ ಒರಗಿಸಿದರು. ಅದನ್ನು ಅವರೇ ತಿಂದು ಮುಗಿಸಿದರು.

ಆಳಂದದ ವೈದ್ಯರೊಬ್ಬರು ಕೂಸಿನ ಮುಖ ನೋಡದೆಯೇ ಚೀಟಿ ಬರೆಯುತ್ತ ಹೇಳಿದರು: “ಹಟ ಅದ್ರಿ. ಹಸಿವಾದ್ರ ತಾನ ತಿಂತಾಳ. ಎರಡ ಹೊತ್ತು ಬಿಟ್ಟ ನೋಡ್ರಿ.”

ಬಿಟ್ಟು ನೋಡಿದೆವು. ಕೂಸು ಅಳಲಿಲ್ಲ, ಕೇಳಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕೂತಿತ್ತು. ಸಂಜೆಗೆ ನನ್ನ ಹೆಂಡತಿ ನನ್ನೆದುರು ನಿಂತು ಹೇಳಿದಳು: “ನಿಮ್ಮ ಡಾಕ್ಟರಗ ಹೇಳ್ರಿ, ಹಸಿವಿಗಿಂತ ದೊಡ್ಡದು ಏನೋ ಅದ ಇದಕ.”

ಹೆಂಡತಿಯ ಮಾತು ಲಿಖಿತವಾಗಿ ಇರದಿದ್ದ ಕಾರಣ ನಾನು ಅದನ್ನು ಮುಂದಕ್ಕೆ ಕಳುಹಿಸಲಿಲ್ಲ.

ತರುವಾಯ ನನಗೆ ಅಫಜಲಪುರಕ್ಕೆ ವರ್ಗವಾಯಿತು. ಅಲ್ಲಿ ಪಕ್ಕದ ಮನೆಯಲ್ಲಿ ವಯಸ್ಸಾದ ಮುಸ್ಲಿಂ ಹೆಂಗಸೊಬ್ಬರಿದ್ದರು. ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಒಂದು ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಗಂಜಿ ಹೊಯ್ಯುವುದನ್ನು ಪೂರ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಬೇಟಾ, ಈ ಕೂಸು ಬ್ಯಾಡ ಅನ್ನಾಕತ್ತಿಲ್ಲ. ಅಂಜಾಕತ್ತದ.”

“ಅಂಜಲಾಕ ಅದೇನ ಹುಲಿ ಹಾಲೇನ ಬೇ?” ಎಂದರು ನನ್ನ ತಾಯಿ. “ನಾನೂ ಹಿಂಗ ಕುಡದೀನಿ. ಇವನೂ ಹಿಂಗ ಕುಡದಾನ. ಸರಕಾರಿ ನೌಕರಿ ಮಾಡಾಕತ್ತಾನ, ಕಾಣವಲ್ದೇನ?”

“ಕಾಣತದ ಅವ್ವಾ,” ಎಂದು ಖಾಲಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಅದಕ್ಕ ಹೇಳಾಕತ್ತೇನಿ.”

ಈ ಹೇಳಿಕೆಗೂ ನಾನು ಬೆಲೆ ಕೊಡಲಿಲ್ಲ. ಖಾಲಾ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ.

ಇದೇ ಅವಧಿಯಲ್ಲಿ ನಾನು ಹೆಮ್ಮೆಪಟ್ಟ ಎರಡು ಸಂಗತಿಗಳನ್ನು ತಪ್ಪೊಪ್ಪಿಗೆಯಾಗಿ ಇಲ್ಲಿ ಲಗತ್ತಿಸುತ್ತೇನೆ. ಒಂದು: ಓಣಿಯ ಎಲ್ಲ ಕೂಸುಗಳೂ ಮಣ್ಣು, ಕಲ್ಲು, ಚಪ್ಪಲಿ, ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಿದ್ದವು. ನನ್ನ ಮಗಳು ಯಾವುದನ್ನೂ ಬಾಯಿಯ ಹತ್ತಿರ ತರುತ್ತಿರಲಿಲ್ಲ. ಎಷ್ಟು ಸ್ವಚ್ಛ ಕೂಸು ಎಂದು ಕಚೇರಿಯಲ್ಲಿ ಹೇಳಿಕೊಂಡೆ. ಇನ್ನೊಂದು: ಹೋದ ವರ್ಷದ ಪಂಚಮಿಗೆ ಹೊಲಿಸಿದ ಫ್ರಾಕು ಈ ವರ್ಷದ ಪಂಚಮಿಗೂ ಸರಿಯಾಗಿ ಕೂತಿತು. ದರ್ಜಿ ಒಳ್ಳೆಯವನು ಎಂದು ಹೊಗಳಿದೆ. ಫ್ರಾಕು ಬೆಳೆಯುವುದಿಲ್ಲ, ಕೂಸು ಬೆಳೆಯಬೇಕು ಎಂಬುದು ನನಗೆ ಹೊಳೆಯಲಿಲ್ಲ.

ಜೇವರ್ಗಿಗೆ ವರ್ಗವಾಗಿ ಬಂದಾಗ ಮಗಳಿಗೆ ಎರಡೂವರೆ. ಬಂದ ತಿಂಗಳಲ್ಲೇ ಜ್ವರ, ಎದೆಯಲ್ಲಿ ಗೊರಗೊರ. ಆ ವರ್ಷ ಎದೆಗೆ ಕಫ ಇಳಿದದ್ದು ಮೂರನೇ ಸಲ. ಜೇವರ್ಗಿಯ ವೈದ್ಯರು ಕೂಸಿನ ಬೆನ್ನಿಗೆ ಕಿವಿಗೊಟ್ಟು ಕೇಳಿದರು, ತಕ್ಕಡಿಯಲ್ಲಿ ಕೂರಿಸಿದರು.

“ಇನ್ನೊಂದ ಸಲ ಹಿಂಗಾದ್ರ ಈ ಕೂಸು ತಡಕೊಳ್ಳೂದು ಕಷ್ಟ ಅದ,” ಎಂದರು. “ಉಣ್ಣಾಗ ಏನೇನ ಆಗ್ತದ, ಎಂಟ ದಿನ ಬರಕೊಂಡ ಬರ್ರಿ.”

ಕೂಸನ್ನು ತಕ್ಕಡಿಯಿಂದ ಎತ್ತಿ ಎದೆಗವಚಿಕೊಂಡೆ. ಆದರೂ ಬರೆಯಿರಿ ಎಂದಿದ್ದರಲ್ಲ; ಆ ವರ್ಷಗಳಲ್ಲಿ ನನಗೆ ಮಾಡಲು ಬರುವ ಕೆಲಸವನ್ನು ಮೊದಲ ಬಾರಿಗೆ ಯಾರೋ ಕೇಳಿದ್ದರು. ಕಡತ ತೆರೆದೆ, ರಟ್ಟು ಹಾಕಿದೆ, ಕೆಂಪು ದಾರ ಕಟ್ಟಿದೆ. ಎಂಟನೇ ದಿನ ಒಪ್ಪಿಸಿದೆ. ವೈದ್ಯರು ಮೊದಲ ಸಾಲನ್ನೇ ಜೋರಾಗಿ ಓದಿದರು.

“‘ಸದರಿ ಕೂಸು ಬೆಳಗಿನ ಗಂಜಿಯನ್ನು ಹಟದಿಂದ ತಿರಸ್ಕರಿಸಿರುತ್ತದೆ.’ ಹಟ ನಿಮಗ ಕಂಡದೇನ್ರಿ?”

“ಇಲ್ರಿ, ಹಂಗ ಎಲ್ಲಾರೂ ಅಂತಾರ...”

“ಎಲ್ಲಾರೂ ಅಂದದ್ದು ನಿಮ್ಮ ಆಫೀಸಿನ್ಯಾಗ ಇಟ್ಟ ಬರ್ರಿ. ನಿಮ್ಮ ಕಣ್ಣಿಗೆ ಕಂಡದ್ದಷ್ಟ ಬರೀರಿ.”

ಕಡತದಲ್ಲಿದ್ದ ‘ಹಟ’ಗಳನ್ನೆಲ್ಲ ಕೆಂಪು ಶಾಯಿಯಿಂದ ಹೊಡೆದು ವಾಪಸು ಕೊಟ್ಟರು. ಮೇಲಧಿಕಾರಿಗಳು ನನ್ನ ಎಷ್ಟೋ ಟಿಪ್ಪಣಿಗಳನ್ನು ತಿರಸ್ಕರಿಸಿದ್ದಾರೆ. ಆದರೆ ಹಾಗೆ ಯಾರೂ ಮರ್ಮಕ್ಕೆ ಹೊಡೆದಿರಲಿಲ್ಲ.

ಮತ್ತೆ ಎಂಟು ದಿನ, ಕಚೇರಿಗೆ ತಡವಾದರೂ ಸರಿಯೆಂದು, ಕೂಸಿನ ಎದುರು ಕೂತೆ. ಕಂಡದ್ದನ್ನಷ್ಟೇ ಬರೆಯುವುದು ಎಷ್ಟು ಕಷ್ಟ ಎಂಬುದು ಗುಮಾಸ್ತನಿಗೆ ಮಾತ್ರ ಗೊತ್ತು. ಒಳಲೆ ಇನ್ನೂ ಜಗಲಿಯ ಮೇಲಿರುವಾಗಲೇ, ತಾಯಿ ಅದರತ್ತ ಕೈ ಚಾಚಿದ ಕೂಡಲೇ, ಕೂಸು ಮುಖ ತಿರುಗಿಸಿತು. ಮೂರನೇ ಗುಟುಕಿಗೆ ಕೆಮ್ಮಿತು. ಕಣ್ಣಲ್ಲಿ ನೀರು ಬಂತು. ಆಮೇಲೆ ‘ಅವ್ವಾ’ ಎಂದಾಗ ದನಿ ಗಂಟಲಲ್ಲಿ ನೀರು ನಿಂತಂತೆ ಒದ್ದೆಯಾಗಿತ್ತು. ಬ್ಯಾಳಿಯ ಒಂದು ಕಾಳು ನಾಲಿಗೆಯ ನಡುವೆ ಕೂತೇ ಇತ್ತು. ನಾಲಿಗೆ ಅದನ್ನು ಹಲ್ಲಿನ ಕಡೆ ಸರಿಸಲಿಲ್ಲ, ಮುಂದಕ್ಕೆ ನೂಕಿತು. ಅರ್ಧ ಬಟ್ಟಲು ಗಂಜಿಗೆ ಒಂದು ತಾಸಿಗಿಂತ ಹೆಚ್ಚು ಹಿಡಿಯಿತು. ಎಂಟೂ ದಿನ ಇದೇ. ಎಂಟೂ ದಿನದ ಬರಹದಲ್ಲಿ ಎಲ್ಲಿಯೂ ಹಟ ಎಂಬ ಪದಕ್ಕೆ ಜಾಗ ಸಿಗಲಿಲ್ಲ. ಕೊನೆಯ ದಿನ ಬರೆದದ್ದನ್ನು ಓದಿಕೊಂಡೆ. ಅಫಜಲಪುರದ ನಮ್ಮ ಕಟ್ಟೆಯ ಮೇಲೆ ಖಾಲಾ ಒಂದು ಮಧ್ಯಾಹ್ನದಲ್ಲಿ ಓದಿದ್ದನ್ನು ನಾನು ಕಡತ ಕಟ್ಟಿ ಓದಬೇಕಾಯಿತು.

ವೈದ್ಯರು ಈ ಸಲ ಪೂರ್ತಿ ಓದಿದರು. ಗುಲ್ಬರ್ಗಾದ ಆಸ್ಪತ್ರೆಯೊಂದರಲ್ಲಿ ಮಕ್ಕಳಿಗೆ ಮಾತು ಕಲಿಸುವ ಮೇಡಂ ಒಬ್ಬರಿಗೆ ಚೀಟಿ ಕೊಟ್ಟರು.

“ನನ್ನ ಮಗಳು ಮಾತಾಡ್ತಾಳ್ರಿ,” ಎಂದೆ.

“ಮಾತಾಡೂದೂ ಉಣ್ಣೂದೂ ಒಂದ ನಾಲಗೀಲೇ ಅಲ್ಲೇನ್ರಿ? ಹೋಗಿ ಬರ್ರಿ.”

ತಾಯಿ ಬರಲೊಪ್ಪಲಿಲ್ಲ, ಆಮೇಲೆ ಒಳಲೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ ಕೂತರು.

ಗುಲ್ಬರ್ಗಾದ ಮೇಡಂ ವಯಸ್ಸಿನಲ್ಲಿ ಚಿಕ್ಕವರು. ಕೂಸಿಗೆ ಉಣಿಸುವ ರೀತಿಯನ್ನು ತೋರಿಸಿ ಎಂದರು; ತಾಯಿ ತೋರಿಸಲು ಕಾಲು ನೀಡಿದರು. ಮೇಡಂ ಕೂಸನ್ನು ತೆಗೆದುಕೊಳ್ಳಲು ಬಿಡಲಿಲ್ಲ. “ಕೂಸು ಬ್ಯಾಡ್ರಿ ಅವ್ವಾರ. ಇವರನ್ನ ಮಲಗಸ್ರಿ,” ಎಂದು ನನ್ನ ಕಡೆ ಕೈ ಮಾಡಿದರು.

ರಾಜ್ಯ ಸರ್ಕಾರದ ಖಾಯಂ ನೌಕರನಾದ ನಾನು, ಇಸ್ತ್ರಿ ಮಾಡಿದ ಅಂಗಿಯ ಸಮೇತ, ಆಸ್ಪತ್ರೆಯ ಚಾಪೆಯ ಮೇಲೆ ಅಂಗಾತ ಮಲಗಿ ತಾಯಿಯ ಕಾಲ ಮೇಲೆ ತಲೆ ಇಟ್ಟೆ. ಹೆಂಡತಿ ಬಾಯಿಗೆ ಸೆರಗು ಹಿಡಿದಳು. ತಾಯಿ ಒಳಲೆಯ ತುಂಬ ನೀರು ಹೊಯ್ದರು. ಬೇಡವೆನ್ನುವ ಮೊದಲೇ ನೀರು ಎಲ್ಲಿಗೋ ಇಳಿದುಹೋಯಿತು. ಕೆಮ್ಮುತ್ತ ಎದ್ದು ಕೂತೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು.

“ಇನ್ನಾ ಮೂಗ ಹಿಡದಿಲ್ಲ,” ಎಂದು ತಾಯಿ ತಮ್ಮಷ್ಟಕ್ಕೆ ಹೇಳಿಕೊಂಡರು. ಹೇಳಿದ ಮೇಲೆ ಒಳಲೆಯನ್ನು ಕೆಳಗಿಟ್ಟರು. ನನ್ನನ್ನು ನೋಡಿದರು, ಕೂಸನ್ನು ನೋಡಿದರು. ಆ ನೋಟದಲ್ಲಿ ಇದ್ದದ್ದನ್ನು ಕಡತಕ್ಕೆ ಸೇರಿಸುವ ಯೋಗ್ಯತೆ ನನಗಿಲ್ಲ.

ಮೇಡಂ ಬಂದು ತಾಯಿಯ ಪಕ್ಕ ನೆಲಕ್ಕೇ ಕೂತರು. “ಒಳಲಿದು ತಪ್ಪಿಲ್ರಿ. ಈ ಕೂಸಿನ ನಾಲಗಿ ತಿರುಗಸೂದು ಇನ್ನಾ ಕಲ್ತಿಲ್ಲ. ಕಲೀಲಾರದ್ದಕ್ಕ ಒಳಲಿ, ಒಳಲಿಗಾಗಿ ಮತ್ತ ಕಲೀಲಿಲ್ಲ. ಮಲಗಿಸಿ ಹೊಯ್ದದ್ದು ಎದಿಗಿ ಹೋಗಾಕತ್ತದ. ಕೂಡಿಸಿ ಕಲಸೂಣು.”

“ನಾ ಇಷ್ಟ ದಿನ ಮಾಡಿದ್ದು?” ಎಂದು ಕೇಳಿದರು ತಾಯಿ.

“ನೀವು ಮಾಡಿದ್ದಕ್ಕ ಇಲ್ಲೀಮಟ ಉಳದದ್ರಿ.”

ಇದು ಪೂರ್ತಿ ನಿಜವೋ ದಯೆಯೋ ನನಗೆ ಇಂದಿಗೂ ತಿಳಿದಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ತಾಯಿ ಸೆರಗಿನ ಗಂಟನ್ನು ಬಿಚ್ಚಲಿಲ್ಲ.

ಅಂದಿನಿಂದ ಕೂಸು ಮಣೆಯ ಮೇಲೆ ಗೋಡೆಗೊರಗಿ ನೆಟ್ಟಗೆ ಕೂಡತೊಡಗಿತು. ಪಾದ ಜೋತಾಡದಂತೆ ಕೆಳಗೊಂದು ಮಡಚಿದ ಕೌದಿ. ಮೂಗು ಹಿಡಿಯುವುದು ರದ್ದು. ನೀರಾಗಿ ಹರಿಯದ, ಚಮಚಕ್ಕೆ ಅಂಟುವಷ್ಟು ಗಟ್ಟಿಯಾದ ಗಂಜಿ, ತುಸು ತುಸುವೇ. ಅರ್ಧ ತಾಸಿಗೆ ಬಟ್ಟಲು ಎತ್ತಿಬಿಡುವುದು, ಉಂಡಿರಲಿ ಬಿಟ್ಟಿರಲಿ. ಮೊದಲ ತಿಂಗಳು ಕೂಸು ಮೊಸರನ್ನು ನೆಲಕ್ಕೆ ಬಳಿಯಿತು, ಬೆಲ್ಲವನ್ನು ಕೂದಲಿಗೆ ಬಳಿಯಿತು. ತಡೆಯಬಾರದೆಂದು ಮೇಡಂ ಅವರ ಅಪ್ಪಣೆ. ಸ್ವಚ್ಛ ಕೂಸು ಎಂಬ ನನ್ನ ಹೆಮ್ಮೆ ಹೀಗೆ ಕೊನೆಗೊಂಡಿತು. ಎರಡು ವಾರಕ್ಕೊಮ್ಮೆ ಗುಲ್ಬರ್ಗಾ. ಮೇಡಂ ದವಡೆಯ ಪಕ್ಕದಲ್ಲಿ ಬೆರಳಾಡಿಸಿ ನಾಲಿಗೆಗೆ ದಾರಿ ತೋರಿಸುವರು, ನನ್ನ ಹೆಂಡತಿ ನೋಡಿ ಕಲಿಯುವಳು. ಚಳಿಗಾಲ ಬಂತು, ಹೋಯಿತು. ಕಫ ಎದೆಗೆ ಇಳಿಯಲಿಲ್ಲ. ಪಂಚಮಿಯ ಫ್ರಾಕು ಬಗಲಲ್ಲಿ ಹರಿಯಿತು. ಹೆಂಡತಿ ಅದನ್ನು ಹೊಲಿಯಲಿಲ್ಲ. ಹರಿದದ್ದನ್ನೇ ಮಡಚಿ ಪೆಟ್ಟಿಗೆಯಲ್ಲಿಟ್ಟಳು.

ಎಂಟನೇ ತಿಂಗಳು. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಕೂಸು ಹತ್ತಿರ ಹೋಗಿ, ಬುಟ್ಟಿಯಲ್ಲಿದ್ದ ಮೆತ್ತನೆಯ ರೊಟ್ಟಿಯ ಅಂಚನ್ನು ಹರಿದುಕೊಂಡು ತಾನೇ ಬಾಯಿಗೆ ಹಾಕಿಕೊಂಡಿತು. ಬಡಿತ ನಿಂತಿತು. ದವಡೆ ಒಂದು ಕಡೆ ಆಡಿತು, ತಡೆಯಿತು, ಮತ್ತೆ ಆಡಿತು. ಕೆಮ್ಮು ಬರಲಿಲ್ಲ.

ನಾನು ಏನೋ ಹೇಳಲು ಹೋದೆ. “ಸುಮ್ಮ ಕೂಡಲೇ,” ಎಂದರು ತಾಯಿ, ತಿರುಗಿ ನೋಡದೆ. “ಉಣ್ಣವರನ್ನ ನೋಡಬಾರದು.”

ಮರುದಿನ ಜಗಲಿಯ ಮೇಲೆ ಒಳಲೆ ಇದ್ದಲ್ಲೇ ಇತ್ತು, ಅದರ ತುಂಬ ದೀಪದ ಬತ್ತಿಗಳು.

ಮಾನ್ಯರೇ, ತಮ್ಮ ಮನೆಯಲ್ಲಿ ಉಣ್ಣಲು ಅಂಜುವ ಕೂಸಿದ್ದರೆ ಎಂಟು ದಿನ ಎದುರು ಕೂತು ಕಂಡದ್ದನ್ನಷ್ಟೇ ಬರೆಯಿರಿ, ಬಲ್ಲವರಿಗೆ ತೋರಿಸಿರಿ ಎಂಬುದಷ್ಟೇ ನನ್ನ ವಿನಂತಿ. ಈ ಬರಹದಲ್ಲಿ ಒತ್ತು, ದೀರ್ಘ, ವಾಕ್ಯ, ಎಲ್ಲಿ ತಪ್ಪು ಕಂಡರೂ ಸಂಕೋಚವಿಲ್ಲದೆ ತಿದ್ದಬೇಕು. ಕೆಂಪು ಶಾಯಿಯಾದರೆ ಇನ್ನೂ ಒಳ್ಳೆಯದು. ಅದರಿಂದ ನನಗೆ ಒಮ್ಮೆ ಬಹಳ ಉಪಕಾರವಾಗಿದೆ.

ಇಂತಿ ವಿಧೇಯ,
ಸದರಿ ಕೂಸಿನ ತಂದೆ