ಗೂಬೆಗೆಂದು ಬಿಟ್ಟ ಕಿಂಡಿ

ಹೊರಗೆ ತಲೆ ಸೀಳುವ ಬಿಸಿಲು. ಒಳಗೆ ನನ್ನ ಕಂಪ್ಯೂಟರಿನಲ್ಲಿ ಮಳೆಗೆ ಪಾಚಿಗಟ್ಟಿದ ಇಂಗ್ಲೆಂಡಿನ ಕಲ್ಲುಗೋಡೆ. ಮಸ್ಕತ್‌ನಲ್ಲಿ ನನಗೆ ಸಿಕ್ಕ ಕೆಲಸ ಇದು. ಆ ದೇಶದ ಹಳೆಯ ಬಾರ್ನ್‌ಗಳ, ಅಂದರೆ ರೈತರು ಫಸಲು ತುಂಬಿಡುತ್ತಿದ್ದ ದೊಡ್ಡ ಕಟ್ಟಡಗಳ ಫೋಟೋ ಮತ್ತು ಅಳತೆ ನೋಡಿ ನಕ್ಷೆ ಬರೆಯಬೇಕು. ಅದನ್ನು ಹಿಡಿದು ಅಲ್ಲಿಯವರು ದುರಸ್ತಿ ಮಾಡುತ್ತಾರೆ.

ಅದಕ್ಕೆ ಮೊದಲು ಆರು ವರ್ಷ ಇದೇ ಊರಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಫ್ಲಾಟಿನಲ್ಲಿ ಕೂತಿದ್ದೆ. ಗಂಡ ಆಫೀಸಿಗೆ, ಮಗಳು ಶಾಲೆಗೆ. ಕನ್ನಡದಲ್ಲಿ ಕೇಳಿದರೆ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಕೆಲಸ ಮೂರು ತಿಂಗಳ ಪರೀಕ್ಷೆಯ ಮೇಲಿತ್ತು. ಅದು ತಪ್ಪಿದರೆ ಮತ್ತೆ ಅದೇ ಫ್ಲಾಟು, ಅದೇ ಏಸಿಯ ಸದ್ದು. ಅದು ನನಗೆ ಖಂಡಿತ ಬೇಡವಾಗಿತ್ತು.

ಬಾರ್ನ್ ನನಗೆ ಬೇಗ ಒಗ್ಗಿತು. ಮಂಡ್ಯದ ಕಡೆ ನಮ್ಮಜ್ಜನ ಕಣ ಬಯಲಲ್ಲಿತ್ತು. ಮಳೆಯ ಕಾಟಕ್ಕೆ ಇಂಗ್ಲೆಂಡಿನವರು ಕಣವನ್ನೇ ಸೂರಿನಡಿ ತಂದಿದ್ದಾರೆ. ಎದುರುಬದುರು ಎರಡು ಭಾರಿ ಬಾಗಿಲು, ನಡುವೆ ಹಲಗೆಯ ನೆಲ. ಬಾಗಿಲು ತೆಗೆದರೆ ಗಾಳಿ ಹಾಯುತ್ತದೆ, ಕಾಳು ತೂರಬಹುದು. ಇದನ್ನು ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ಎಡವಿದ್ದು ಕಿಂಡಿಯಲ್ಲಿ. ಒಂದು ಬಾರ್ನ್‌ನ ಗೋಡೆಯಲ್ಲಿ, ಸೂರಿನ ತುದಿಯ ಕೆಳಗೆ ಒಂದು ತೂತು. ಫೋಟೋದಲ್ಲಿ ಅದರೊಳಗೆ ಬಿಳಿ ಮುಖದ ಗೂಬೆ. ನಮ್ಮಲ್ಲಿ ಗೂಬೆ ಮನೆ ಹೊಕ್ಕರೆ ಶಾಂತಿ ಮಾಡಿಸುತ್ತಾರೆ. ಯಾರಿಗೆ ಬೇಕು ಅನಿಷ್ಟ ಎಂದುಕೊಂಡು, 'ಮುಚ್ಚಬೇಕು' ಎಂದು ಗುರುತು ಹಾಕಿ ಗುರುವಾರ ಕಳಿಸಿಬಿಟ್ಟೆ. ಇಲ್ಲಿ ಶುಕ್ರವಾರ, ಶನಿವಾರ ರಜೆ; ಅಲ್ಲಿ ಶುಕ್ರವಾರ ಕೆಲಸದ ದಿನ. ಭಾನುವಾರ ನೋಡಿದರೆ ಅಲ್ಲಿಂದ ಶುಕ್ರವಾರವೇ ಬಂದ ಎರಡು ಮೇಲ್. ಬೆಳಗಿನದು: ಮುಚ್ಚಲೇಬೇಕೇ? ಸಂಜೆಯದು: ನಿಮ್ಮ ಉತ್ತರ ಬರಲಿಲ್ಲ, ಮೇಸ್ತ್ರಿ ಮುಚ್ಚಿದ್ದಾನೆ, ಅದು ಇಲಿ ಹಿಡಿಯಲು ಗೂಬೆ ಬರಲಿ ಎಂದು ಕಟ್ಟಿದವರೇ ಬಿಟ್ಟ ದಾರಿ, ಮಾಲೀಕರು ನೊಂದಿದ್ದಾರೆ.

ಪಕ್ಕದ ಮೇಜಿನ ದಿನಕರಣ್ಣ ಉಡುಪಿಯವರು, ಇಲ್ಲೇ ತಲೆ ನರೆತವರು. ಅವರಿಗೆ ತೋರಿಸಿದೆ.

"ಫೋಟೋ ಕ್ಲಿಯರ್ ಇರ್ಲಿಲ್ಲ ಅಂತ ಬರೀರಿ ಮಾರಾಯ್ರೆ. ಖಲಾಸ್."

"ಕ್ಲಿಯರ್ ಆಗೇ ಇತ್ತಣ್ಣ. ಗೂಬೆ ಕಂಡಿದ್ದಕ್ಕೇ ಮುಚ್ಚಿಸಿದ್ದು."

"ಅದನ್ನೆಲ್ಲ ಅವರಿಗೆ ಹೇಳ್ಲಿಕ್ಕುಂಟಾ? ನಿಮ್ಮ ಕೆಲಸ ಇನ್ನೂ ಪರ್ಮನೆಂಟ್ ಆಗ್ಲಿಲ್ಲ, ನೆನಪಿರ್ಲಿ."

ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಆದರೆ ಸುಳ್ಳು ಹೊಸೆಯುವ ತ್ರಾಣವೂ ನನ್ನಲ್ಲಿರಲಿಲ್ಲ. ನಮ್ಮೂರಿನ ನಂಬಿಕೆ, ನನ್ನ ಅವಸರ, ಇದ್ದದ್ದನ್ನು ಇದ್ದಹಾಗೆ ಬರೆದೆ.

ಉತ್ತರ ಬರಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನವೂ ಅನ್ನ ಸೇರಲಿಲ್ಲ. ಕಿಂಡಿಗೆ ಇಟ್ಟ ಕಲ್ಲು ತೆಗೆಸಿದ್ದಾರೆ, ಮುಂದಿನ ಬಾರ್ನ್ ಕೂಡ ನನಗೇ ಕೊಡಲು ಹೇಳಿದ್ದಾರೆ. ಕೊನೆಗೆ ಒಂದು ಸಾಲು: ಗೂಬೆ ಇನ್ನೂ ಬಂದಿಲ್ಲ.

ಕೆಲಸ ಉಳಿಯಿತು. ದಿನಕರಣ್ಣ ಎಲ್ಲರಿಗೂ ಚಹಾ ತರಿಸಿದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ.

ಮೊನ್ನೆ ಗಂಡ, "ರಜೆಗೆ ಮೈಸೂರಿಗೆ ಟಿಕೆಟ್ ಮಾಡ್ಲಾ?" ಎಂದು ಕೇಳಿದರು. ಹೂಂ ಎಂದೆ. ವರ್ಷವಿಡೀ ಕಾಯುವ ಮಾತು ಅದು. ಆದರೆ ಆ ಗಳಿಗೆ ನನಗೆ ಹೋಗಬೇಕು ಅನಿಸಿದ್ದು, ನಾನು ಒಮ್ಮೆಯೂ ಕಾಲಿಡದ ಆ ಬಾರ್ನ್‌ಗೆ. ಅಂಗಳದಲ್ಲಿ ನಿಂತು ಗೂಬೆ ಬಂತೇ ಎಂದು ನೋಡಲು. ಟಿಕೆಟ್ ಆಯಿತು ಎಂದು ಅಮ್ಮನಿಗೆ ಫೋನ್ ಮಾಡಿದೆ. ಇದೊಂದನ್ನು ಹೇಳಲಿಲ್ಲ.