ಎರಡನೇ ಸಲ
ನಮ್ಮ ದರ್ಜಿ ಚಿಕ್ಕಮ್ಮ ಹೊರದೇಶದ ನಾಟಕ ಕಂಪನಿಯ ಹೊಲಿಗೆ ಕೆಲಸಕ್ಕೆಂದು ಫ್ರೆಂಚ್ ಪರೀಕ್ಷೆ ಕಟ್ಟಿದಾಗಲೇ ಮನೆಯವರೆಲ್ಲ ಹೌಹಾರಿದ್ದೆವು. ಕತ್ತರಿಗೆ, ಇಸ್ತ್ರಿಪೆಟ್ಟಿಗೆಗೆ, ಕೊನೆಗೆ ಮಲಗಿದ್ದ ಚಿಕ್ಕಪ್ಪನ ಬೆನ್ನಿಗೂ ಫ್ರೆಂಚ್ ಹೆಸರಿನ ಚೀಟಿ ಅಂಟಿಸಿದಳು. ಏನೇ ಹೇಳಿದರೂ, ‘ಪರೀಕ್ಷೇಲಿ ರೆಕಾರ್ಡಿಂಗ್ ಎರಡು ಸಲ ಕೇಳಿಸ್ತಾರೆ ಕಣೋ, ನೀನೂ ಇನ್ನೊಂದ್ಸಲ ಹೇಳು’ ಎಂದು ನನ್ನ ಮುಖವನ್ನೇ ದಿಟ್ಟಿಸುತ್ತಿದ್ದಳು. ಓದು, ಬರಹದಲ್ಲಿ ಅವಳನ್ನು ಹಿಡಿಯುವವರಿಲ್ಲ. ಆಲಿಸುವುದರಲ್ಲಿ ಮಾತ್ರ ಪರೀಕ್ಷೆ ಬರೆದ ಮೂರು ಸಲವೂ ಸೊನ್ನೆ. ‘ಆ ಜನ ಮೂಗಲ್ಲೇ ಮಾತಾಡ್ತಾರೆ’ ಎಂದು ಬೈದಾಗ ಬಿದ್ದು ಬಿದ್ದು ನಕ್ಕಿದ್ದೆವು. ನಿನ್ನೆ, ಸದ್ದಿಲ್ಲದೆ ನಿಂತಿದ್ದ ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳನ್ನು ಹಿಂದಿನಿಂದ ‘ಚಿಕ್ಕಮ್ಮಾ’ ಎಂದು ಕರೆದೆ. ಎರಡನೇ ಸಲ ಕಿರುಚಿದೆ. ತಿರುಗಲಿಲ್ಲ. ಇಷ್ಟು ದಿನ ಅವಳು ನಮ್ಮ ತುಟಿಗಳನ್ನು ಓದುತ್ತಿದ್ದಳು. ಪರೀಕ್ಷೆಯ ಧ್ವನಿಗೆ ತುಟಿ ಎಲ್ಲಿಂದ ಬರಬೇಕು?